ಘಟ್ಟದ ಮೇಲಿನ ತಾಲೂಕುಗಳಲ್ಲಿ ಉನ್ಮಾದಚಿಕಿತ್ಸೆಯೂ ಅದರ ವೆಚ್ಚವೂ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೀಮೆಯಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲೂಕುಗಳಿರುವವು. ಹಳಿಯಾಳವೂ ಮುಂಡಗೋಡವೂ ಬಯಲುಸೀಮೆಯ ಅಂಚಿಗೆ ತಾಗಿವೆ. ಜೋಯಿಡಾ ಎಂಬುದು ಹಿಂದಿನ ಸೂಪಾ ತಾಲೂಕು. ಹಳೆಯ ಸೂಪಾ ಊರು ಕಾಳೀ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಯಿತು. ದಾಂಡೇಲಿಯು ಹಳಿಯಾಳದಿಂದ ಇತ್ತೀಚೆಗೆ ಬೇರ್ಪಟ್ಟ ತಾಲೂಕು. ಈ ಸೀಮೆಯ ಕಾಡು, ಕಟ್ಟಿಗೆ, ಕೋಟೆ, ದೇವಾಲಯಗಳ ವಿಷಯವಾಗಿ ಸಾಕಷ್ಟು ಬರೆಯಲಾಗಿದೆ. ಆದರೆ ಇಲ್ಲಿಯ ಮನೆಯೊಂದರಲ್ಲಿ ಒಬ್ಬನ ಚಿತ್ತವು ಕೆಟ್ಟರೆ ಅವನಿಗೆ ಚಿಕಿತ್ಸೆಯು ಎಲ್ಲಿ ದೊರೆಯುತ್ತಿದ್ದಿತು, ಅದರ ವೆಚ್ಚವನ್ನು ಯಾರು ಹೊರುತ್ತಿದ್ದರು ಎಂಬ ಪ್ರಶ್ನೆಯು ಇತಿಹಾಸದ ದೃಷ್ಟಿಯಿಂದ ವಿಚಾರಿಸಲ್ಪಟ್ಟುದು ಕಡಿಮೆ. ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡಲಾಗದು. ಸ್ಥಳವು ಬದಲಾದಂತೆ ವೆಚ್ಚದ ಭಾರವೂ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಸಾಗಿದೆ.

ಮೊದಲು ಶಾಸ್ತ್ರದ ಮತವನ್ನು ನೋಡತಕ್ಕದ್ದು. ಚರಕಸಂಹಿತೆಯ ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಉನ್ಮಾದಕ್ಕೆ ಪ್ರತ್ಯೇಕ ಅಧ್ಯಾಯಗಳಿವೆ. ವಾತ, ಪಿತ್ತ, ಕಫಗಳಿಂದ ಒಂದೊಂದು, ಮೂರರ ಸನ್ನಿಪಾತದಿಂದ ಒಂದು, ಆಗಂತುಕವೊಂದು, ಹೀಗೆ ಉನ್ಮಾದವು ಐದು ಬಗೆಯೆಂದು ಚರಕನು ಗಣಿಸುತ್ತಾನೆ. ಸುಶ್ರುತನ ಗಣನೆಯಲ್ಲಿ ಮನೋದುಃಖದಿಂದ ಹುಟ್ಟುವ ಉನ್ಮಾದಕ್ಕೂ ಬೇರೆ ಸ್ಥಾನವಿದೆ. ಅಂದರೆ ಚಿತ್ತವಿಕಾರವು ಕೇವಲ ಗ್ರಹಚೇಷ್ಟೆಯೆಂದಾಗಲಿ ಪಾಪಫಲವೆಂದಾಗಲಿ ವೈದ್ಯರು ಕೈಬಿಟ್ಟಿರಲಿಲ್ಲ. ಔಷಧಕ್ಕೆ ವಿಷಯವಾದ ರೋಗಗಳಲ್ಲಿಯೇ ಅದನ್ನು ಎಣಿಸಿದ್ದರು.

ವೆಚ್ಚದ ವಿಷಯವು ವೈದ್ಯಶಾಸ್ತ್ರಕ್ಕಿಂತ ಧರ್ಮಶಾಸ್ತ್ರದಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಯಾಜ್ಞವಲ್ಕ್ಯಸ್ಮೃತಿಯ ದಾಯವಿಭಾಗ ಪ್ರಕರಣದಲ್ಲಿ ಉನ್ಮತ್ತನನ್ನು ಆಸ್ತಿಯ ಪಾಲಿಗೆ ಅನರ್ಹರಾದವರ ಸಾಲಿನಲ್ಲಿ ಸೇರಿಸಿದೆ; ಆದರೆ ಅವನನ್ನು ಸಾಕಿ ಸಲಹುವ ಹೊಣೆಯನ್ನು ಪಾಲು ಪಡೆದವರ ಮೇಲೆ ಹೊರಿಸಿದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಕನ್ನಡ ನಾಡಿನಲ್ಲಿಯೇ ಬಾಳಿದವನು. ಅವನು ಇನ್ನೂ ಒಂದು ಹೆಜ್ಜೆ ಮುಂದುವರಿಯುತ್ತಾನೆ. ವಿಭಾಗವಾದ ತರುವಾಯ ಔಷಧಾದಿಗಳಿಂದ ದೋಷವು ಕಳೆದರೆ ಅಂಥವನಿಗೆ ಪಾಲು ದೊರೆಯಲೇಬೇಕೆಂದು ಅವನು ನಿರ್ಣಯಿಸಿದ್ದಾನೆ. ಇದರಲ್ಲಿ ಎರಡು ಅಂಶಗಳು ಅಡಗಿವೆ: ಉನ್ಮಾದವು ವಾಸಿಯಾಗಬಲ್ಲದು ಎಂಬ ನಂಬಿಕೆ ಒಂದು; ರೋಗಿಯ ಅನ್ನದ ಹೊಣೆ ಕುಟುಂಬದ್ದೆಂಬ ವಿಧಿ ಇನ್ನೊಂದು. ಆದರೆ ಶಾಸ್ತ್ರವು ವಿಧಿಸಿದ್ದು ಭರಣವನ್ನು ಮಾತ್ರ. ಚಿಕಿತ್ಸೆಯ ವೆಚ್ಚವನ್ನು ಕೊಡಲೇಬೇಕೆಂಬ ಮಾತು ಅಲ್ಲಿ ಬಿಡಿಯಾಗಿ ಬಂದಿಲ್ಲ. ಆಸ್ತಿಯಿಲ್ಲದ ಮನೆಯಲ್ಲಿ ಪಾಲಿನ ಮಾತೇ ಇಲ್ಲದ್ದರಿಂದ ಭರಣದ ಹೊಣೆಯೂ ಬರಿಯ ಮಾತಾಗಿ ಉಳಿಯುವ ಸಂಭವವಿದ್ದಿತು.

ಆಂಗ್ಲರ ಆಳಿಕೆಯಲ್ಲಿ ಈ ಪ್ರಶ್ನೆಗೆ ಹೊಸ ರೂಪ ಬಂದಿತು. ೧೮೪೫ರಲ್ಲಿ ಧಾರವಾಡದಲ್ಲಿ ಹುಚ್ಚರ ಆಸ್ಪತ್ರೆಯು ಆರಂಭವಾಯಿತು. ಹಳಿಯಾಳದಿಂದ ಧಾರವಾಡಕ್ಕೆ ಇರುವ ಅಂತರವು ಸುಮಾರು ೩೫ ಕಿಲೋಮೀಟರು. ಆದರೂ ಆಗ ಕನ್ನಡ ಜಿಲ್ಲೆಯು ಮದರಾಸು ಇಲಾಖೆಗೆ ಸೇರಿದ್ದಿತು, ಧಾರವಾಡವು ಮುಂಬಯಿ ಇಲಾಖೆಗೆ ಸೇರಿದ್ದಿತು. ಹೀಗೆ ಒಂದೇ ದಾರಿಯ ಎರಡು ತುದಿಗಳು ಎರಡು ಸರಕಾರಗಳ ಅಧೀನದಲ್ಲಿದ್ದವು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಇಲಾಖೆಗೆ ಸೇರಿಸಲಾಯಿತು. ಕಾರವಾರದ ಬಂದರದ ಮೂಲಕ ಧಾರವಾಡದ ಕಡೆಯ ಹತ್ತಿಯನ್ನು ಸಾಗಿಸುವ ಉದ್ದೇಶವು ಇದಕ್ಕೆ ಮುಖ್ಯ ಕಾರಣ. ರೋಗಿಗಳ ಹಿತವನ್ನು ಯಾರೂ ಎಣಿಸಿದ್ದಿಲ್ಲ. ಆದರೂ ಹತ್ತಿಯ ಸಲುವಾಗಿ ಆದ ಈ ಬದಲಾವಣೆಯಿಂದ ಘಟ್ಟದ ಮೇಲಿನ ತಾಲೂಕುಗಳಿಗೂ ಧಾರವಾಡದ ಆಸ್ಪತ್ರೆಗೂ ನಡುವೆ ಇದ್ದ ಆಡಳಿತದ ಗಡಿಯು ಅಳಿದುಹೋಯಿತು.

ಆಸ್ಪತ್ರೆಗೆ ಸೇರುವ ಕ್ರಮವನ್ನು ೧೮೫೮ನೆಯ ಇಸವಿಯ ೩೬ನೆಯ ಕಾಯಿದೆಯು ಗೊತ್ತುಮಾಡಿದ್ದಿತು. ಅಲೆದಾಡುವ ಅಥವಾ ಅಪಾಯಕಾರಿಯೆಂದು ತೋರುವ ಚಿತ್ತವಿಕಲನನ್ನು ಪೋಲೀಸರು ಮ್ಯಾಜಿಸ್ಟ್ರೇಟನ ಮುಂದೆ ತರಬೇಕು. ಅವನು ವೈದ್ಯಾಧಿಕಾರಿಯ ಸಹಾಯದಿಂದ ಪರೀಕ್ಷಿಸಿ ಆಸ್ಪತ್ರೆಗೆ ಕಳಿಸುವ ಆಜ್ಞೆಯನ್ನು ಮಾಡಬೇಕು. ಬಂಧುಗಳು ಮುಚ್ಚಳಿಕೆ ಬರೆದುಕೊಟ್ಟು ತಾವೇ ನೋಡಿಕೊಳ್ಳುವೆವೆಂದರೆ ಅವರ ವಶಕ್ಕೆ ಒಪ್ಪಿಸಬಹುದಾಗಿದ್ದಿತು. ವೆಚ್ಚದ ವಿಷಯದಲ್ಲಿ ಕಾಯಿದೆಯು ಹಾಕಿಕೊಟ್ಟ ಕ್ರಮವು ಗಮನಾರ್ಹವಾಗಿದೆ. ರೋಗಿಗೆ ಸ್ವಂತ ಆಸ್ತಿಯಿದ್ದರೆ ಅದರಿಂದ ವಸೂಲು ಮಾಡಬಹುದು. ಇಲ್ಲವೆ ಅವನನ್ನು ಸಾಕಲು ನ್ಯಾಯತಃ ಬದ್ಧನಾದ, ಶಕ್ತಿಯುಳ್ಳ ಬಂಧುವಿನಿಂದ ಕೊಡಿಸಬಹುದು. ಎರಡೂ ಇಲ್ಲದಿದ್ದರೆ ಭಾರವು ಸರಕಾರದ್ದು. ಇಲ್ಲಿ ‘ನ್ಯಾಯತಃ ಬದ್ಧನಾದವನು’ ಯಾರೆಂಬುದನ್ನು ಹಿಂದೂ ಕುಟುಂಬಗಳ ಮಟ್ಟಿಗೆ ನಿರ್ಣಯಿಸತಕ್ಕದ್ದು ಹಿಂದೂ ನ್ಯಾಯವೇ. ಈ ಸೀಮೆಯಲ್ಲಿ ಆ ನ್ಯಾಯವೆಂದರೆ ಪ್ರಾಯಶಃ ಮಿತಾಕ್ಷರಾ. ಹೀಗೆ ಕಲ್ಯಾಣದಲ್ಲಿ ಬರೆಯಲ್ಪಟ್ಟ ಭರಣವಿಧಿಯು ಆಂಗ್ಲರ ಕಾಯಿದೆಯ ಬಾಗಿಲಿನಿಂದ ಧಾರವಾಡದ ಆಸ್ಪತ್ರೆಯ ಲೆಕ್ಕಪತ್ರದೊಳಗೆ ಪ್ರವೇಶಿಸಿತೆನ್ನಬಹುದು.

೧೯೧೨ರ ಕಾಯಿದೆಯು ಈ ಕ್ರಮವನ್ನೇ ಬಹುಮಟ್ಟಿಗೆ ಉಳಿಸಿಕೊಂಡಿತು. ಬಂಧುಗಳು ತಾವಾಗಿ ರೋಗಿಯನ್ನು ಸೇರಿಸಬೇಕಾದರೆ ಅರ್ಜಿಯೊಡನೆ ಇಬ್ಬರು ವೈದ್ಯರ ಪ್ರಮಾಣಪತ್ರಗಳು ಬೇಕಾಗುತ್ತಿದ್ದವು. ಕಾಳೀ ಕಣಿವೆಯ ಕುಣಬಿ, ಸಿದ್ದಿ, ಗೌಳಿ ಮೊದಲಾದ ಜನರ ಸ್ಥಿತಿಯನ್ನು ಇದರೊಡನೆ ಹೋಲಿಸಿ ನೋಡಬೇಕು. ೧೮೭೮ರ ಅರಣ್ಯದ ಕಾಯಿದೆಯ ನಂತರ ಕಾಡು ಸರಕಾರದ ಹಿಡಿತಕ್ಕೆ ಬಿಗಿಯಾಗಿ ಬಂದಿತು. ಕುಮರಿ ಬೇಸಾಯಕ್ಕೆ ಅಡ್ಡಿಗಳುಂಟಾದವು. ವಸೂಲು ಮಾಡತಕ್ಕ ಆಸ್ತಿ ಇವರಲ್ಲಿ ಬಹುಜನರಿಗೆ ಇದ್ದಿಲ್ಲ. ಆದುದರಿಂದ ಇವರ ರೋಗಿಗಳ ವೆಚ್ಚವು ಕಾಯಿದೆಯ ಪ್ರಕಾರ ಸರಕಾರದ ಮೇಲೆಯೇ ಬೀಳತಕ್ಕದ್ದು. ಆದರೆ ಆ ಸೌಕರ್ಯವು ಆಸ್ಪತ್ರೆಯ ಬಾಗಿಲನ್ನು ಮುಟ್ಟಿದವರಿಗೆ ಮಾತ್ರ. ಇಬ್ಬರು ವೈದ್ಯರ ಪ್ರಮಾಣಪತ್ರವನ್ನು ಸಂಪಾದಿಸಿ ಮ್ಯಾಜಿಸ್ಟ್ರೇಟನ ಕಚೇರಿಗೆ ಹೋಗುವದು ಕಾಡಿನ ಕುಟುಂಬಕ್ಕೆ ಸುಲಭವಾಗಿದ್ದಿಲ್ಲ. ಹಾದಿಯಲ್ಲಿ ಅಲೆಯುವವನು ಪೋಲೀಸರ ಕಣ್ಣಿಗೆ ಬೀಳುತ್ತಿದ್ದನು. ಮನೆಯ ಮೂಲೆಯಲ್ಲಿ ಮಾತುಬಿಟ್ಟು ಕುಳಿತವಳು ಯಾರ ಕಣ್ಣಿಗೂ ಬೀಳುತ್ತಿದ್ದಿಲ್ಲ. ಕಾಯಿದೆಯ ದೃಷ್ಟಿಯು ಉಪದ್ರವದ ಮೇಲೆ ಇದ್ದಿತೇ ಹೊರತು ದುಃಖದ ಮೇಲೆ ಇದ್ದಿಲ್ಲ.

ಈ ಮಧ್ಯದಲ್ಲಿ ದಾಯಭಾಗದ ನಿಯಮವೂ ಮಾರ್ಪಟ್ಟಿತು. ೧೯೨೮ರ ಕಾಯಿದೆಯು ಹುಟ್ಟಿನಿಂದಲೇ ಚಿತ್ತವಿಕಲರಾದವರನ್ನು ಬಿಟ್ಟು ಉಳಿದ ರೋಗಿಗಳಿಗೆ ಪಾಲಿನ ಹಕ್ಕನ್ನು ಮರಳಿ ಕೊಟ್ಟಿತು; ೧೯೫೬ರ ಹಿಂದೂ ವಾರಸಾ ಕಾಯಿದೆಯು ರೋಗದ ಕಾರಣದಿಂದ ಯಾರೂ ವಾರಸುದಾರಿಕೆಗೆ ಅನರ್ಹರಾಗುವದಿಲ್ಲವೆಂದು ವಿಧಿಸಿತು. ವಾಸಿಯಾದ ಮೇಲೆ ಪಾಲು ಎಂದು ವಿಜ್ಞಾನೇಶ್ವರನು ಹೇಳಿದ್ದನು. ಕಾಯಿಲೆಯಲ್ಲಿರುವಾಗಲೂ ಪಾಲು ಎಂಬಲ್ಲಿಗೆ ನ್ಯಾಯವು ಬಂದು ಮುಟ್ಟಿತು. ಭೂಮಿಯುಳ್ಳ ಮನೆಗಳ ರೋಗಿಗೆ ಇದರಿಂದ ಚಿಕಿತ್ಸೆಯ ವೆಚ್ಚಕ್ಕೆ ಸ್ವಂತ ಆಧಾರವೊಂದು ಉಂಟಾಯಿತು.

ಆಸ್ಪತ್ರೆಗಳ ಸ್ಥಿತಿಯಾದರೋ ಬಹಳ ಕಾಲ ಸುಧಾರಿಸಲಿಲ್ಲ. ೧೯೪೬ರಲ್ಲಿ ಪ್ರಕಟವಾದ ಭೋರ್ ಸಮಿತಿಯ ವರದಿಯು ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದ ಹಾಸಿಗೆಗಳು ೧೦,೦೦೦ಕ್ಕಿಂತ ಸ್ವಲ್ಪ ಹೆಚ್ಚೆಂದು ತೋರಿಸಿತು. ೧೯೫೨ರ ಸುಮಾರಿಗೆ ಯುರೋಪದಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧವು ಉನ್ಮಾದಕ್ಕೆ ಪ್ರಯೋಗಿಸಲ್ಪಟ್ಟ ಮೇಲೆ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ವರ್ಷಗಟ್ಟಲೆ ಗೋಡೆಯೊಳಗೆ ಇಡತಕ್ಕ ರೋಗಿಯು ಮನೆಯಲ್ಲಿಯೇ ಗುಳಿಗೆ ತೆಗೆದುಕೊಂಡು, ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿಕೊಂಡು ಬಾಳಬಹುದೆಂದಾಯಿತು. ಇದು ಮಹೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವೆಚ್ಚದ ಇತಿಹಾಸದಲ್ಲಿ ಇದರ ಪರಿಣಾಮವನ್ನು ಸೂಕ್ಷ್ಮವಾಗಿ ಗ್ರಹಿಸಬೇಕು. ಹಿಂದೆ ಮ್ಯಾಜಿಸ್ಟ್ರೇಟನ ಆಜ್ಞೆಯಾದ ಮೇಲೆ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವದು ಸರಕಾರದ ಕೆಲಸ. ಅಲ್ಲಿಯ ಅನ್ನವೂ ಬಡವನ ಮಟ್ಟಿಗೆ ಸರಕಾರದ್ದೇ. ಈಗ ಅನ್ನವು ಮನೆಯದು, ಕಾವಲು ಮನೆಯದು, ದಾರಿಯೂ ಮನೆಯದು. ಬಂಧನವು ತಪ್ಪಿತು, ಅದರೊಡನೆ ಬಂಧನದ ಕಾಲದ ವೆಚ್ಚದ ಹಂಚಿಕೆಯೂ ತಿರುವುಮುರುವಾಯಿತು.

ಇದೇ ಕಾಲದಲ್ಲಿ ಈ ತಾಲೂಕುಗಳ ಜನವಸತಿಯೂ ಮಾರ್ಪಟ್ಟಿತು. ದಾಂಡೇಲಿಯಲ್ಲಿ ೧೯೫೫ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಕಾರಖಾನೆಯು ದೂರದೂರದ ಕೂಲಿಕಾರರನ್ನು ಕರೆತಂದಿತು. ೧೯೪೮ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯ ಮೂಲಕ, ಅಂದರೆ ಜನರು ‘ಇಎಸ್‌ಐ’ ಎಂದು ಕರೆಯುವ ಏರ್ಪಾಡಿನ ಮೂಲಕ, ವಿಮೆಗೆ ಒಳಪಟ್ಟ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆಯು ಲಭ್ಯವಾಯಿತು. ದೀರ್ಘಕಾಲದ ಕಾಯಿಲೆಗಳ ಸಲುವಾಗಿ ಇರುವ ವಿಸ್ತೃತ ಪರಿಹಾರದ ಪಟ್ಟಿಯಲ್ಲಿ ತೀವ್ರವಾದ ಮನೋರೋಗವೂ ಸೇರಿದೆ. ಗೊತ್ತಾದ ಷರತ್ತುಗಳಿಗೆ ಒಳಪಟ್ಟು ಸಂಬಳದ ಶೇಕಡಾ ೮೦ರಂತೆ ಎರಡು ವರ್ಷಗಳವರೆಗೂ ಪರಿಹಾರವು ದೊರೆಯಬಹುದು. ಕೆಲಸಕ್ಕೆ ಹೋಗಲಾರದ ದಿನದ ನಷ್ಟವೂ ಚಿಕಿತ್ಸೆಯ ವೆಚ್ಚವೇ ಎಂಬುದನ್ನು ಈ ಏರ್ಪಾಡು ಒಪ್ಪಿಕೊಂಡಿತು. ಆದರೆ ಕಾರಖಾನೆಯ ಗೇಟಿನ ಹೊರಗೆ ಬಿದಿರು ಕಡಿಯುವವನಿಗೂ ದಿನಗೂಲಿಯ ಹೆಂಗಸಿಗೂ ಅದರ ನೆರಳು ತಾಗಲಿಲ್ಲ.

ಮುಂಡಗೋಡದಲ್ಲಿ ೧೯೬೬ರಿಂದ ಟಿಬೇಟದ ನಿರಾಶ್ರಿತರ ವಸತಿಯು ನೆಲೆಗೊಂಡಿತು. ಅವರ ವೈದ್ಯಪದ್ಧತಿಯಲ್ಲಿ ಚಿತ್ತದ ಅನೇಕ ಬಾಧೆಗಳಿಗೆ ‘ಲುಂಗ್’ ಎಂಬ ವಾಯುವಿನ ಕ್ಷೋಭೆಯು ಕಾರಣವೆಂದು ಹೇಳಿದೆ. ೧೧ನೆಯ ಶತಮಾನದಲ್ಲಿ ರಿಂಚೆನ್ ಸಾಂಗ್ಪೊ ಎಂಬ ಪಂಡಿತನು ವಾಗ್ಭಟನ ಅಷ್ಟಾಂಗಹೃದಯವನ್ನು ಟಿಬೇಟದ ಭಾಷೆಗೆ ತಂದಿದ್ದನೆಂಬುದನ್ನು ನೆನೆದರೆ ಈ ವಾಯುವು ನಮ್ಮ ವಾತಕ್ಕೆ ದೂರದ್ದಲ್ಲವೆಂದು ತಿಳಿಯುವದು. ಹೀಗೆ ಈ ನಾಲ್ಕು ತಾಲೂಕುಗಳಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೇಟಿ ಭಾಷೆಗಳನ್ನಾಡುವ ರೋಗಿಗಳಿರುವರು. ಜ್ವರವನ್ನು ಕೈಮುಟ್ಟಿ ತಿಳಿಯಬಹುದು. ಮನಸ್ಸಿನ ಬಾಧೆಯನ್ನು ಮಾತಿನಿಂದಲೇ ತಿಳಿಯಬೇಕು. ಆದುದರಿಂದ ರೋಗಿಯ ಮಾತನ್ನು ಬಲ್ಲ ವೈದ್ಯನನ್ನು ಹುಡುಕುವದೂ ಇಲ್ಲಿ ಒಂದು ಪ್ರತ್ಯೇಕ ಕಷ್ಟವಾಗಿದೆ.

ಹಾಸಿಗೆಗಳನ್ನು ಹೆಚ್ಚಿಸುವದಕ್ಕಿಂತ ಚಿಕಿತ್ಸೆಯನ್ನೇ ಹಳ್ಳಿಯ ಕಡೆಗೆ ಒಯ್ಯಬೇಕೆಂಬ ವಿಚಾರಕ್ಕೆ ಕರ್ನಾಟಕವೇ ಮುಂದಾಳಾಯಿತು. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನ ಸಂಸ್ಥೆಯವರು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯಕೇಂದ್ರಗಳ ಮೂಲಕವೇ ಮನೋರೋಗಗಳಿಗೆ ಔಷಧ ಕೊಡುವ ಪ್ರಯೋಗವನ್ನು ನಡೆಯಿಸಿದರು. ದೇಶದ ಮಾನಸಿಕ ಆರೋಗ್ಯ ಕಾರ್ಯಕ್ರಮವು ೧೯೮೨ರಲ್ಲಿ ಆರಂಭವಾಗಿದ್ದಿತು. ಬಳ್ಳಾರಿಯ ಮಾದರಿಯ ಮೇಲೆ ೧೯೯೬ರಲ್ಲಿ ಜಿಲ್ಲಾ ಕಾರ್ಯಕ್ರಮವು ರೂಪಗೊಂಡಿತು. ೧೯೮೭ರಲ್ಲಿ ಅಂಗೀಕೃತವಾದ ಮಾನಸಿಕ ಆರೋಗ್ಯ ಕಾಯಿದೆಯು ೧೯೯೩ರಲ್ಲಿ ಜಾರಿಗೆ ಬಂದು ೧೯೧೨ರ ಕಾಯಿದೆಯನ್ನು ತೆಗೆದುಹಾಕಿತು. ಧಾರವಾಡದ ಹಳೆಯ ಆಸ್ಪತ್ರೆಯು ಬೆಳೆದು ಈಗ ‘ಡಿಮ್ಹಾನ್ಸ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಆಸ್ಪತ್ರೆ ದೂರವಾದಲ್ಲಿ ಜನರು ದೇವರ, ದರ್ಗೆಯ, ಮಂತ್ರವಾದಿಯ ಮೊರೆಹೋಗುವದು ಸಹಜ. ಇದನ್ನು ಅಜ್ಞಾನವೆಂದು ಜರೆದು ಬಿಡುವದು ಉಚಿತವಲ್ಲ. ಸಮೀಪದಲ್ಲಿದ್ದು, ಕೊಟ್ಟಷ್ಟನ್ನು ತೆಗೆದುಕೊಂಡು, ತಮ್ಮ ಭಾಷೆಯಲ್ಲಿ ಮಾತನಾಡಿಸುವವರ ಕಡೆಗೆ ದುಃಖಿತರು ಹೋಗುವರು. ಆದರೆ ಚಿಕಿತ್ಸೆಯಿಲ್ಲದೆ ಕೇವಲ ಕಾವಲಿಗೆ ಹಣ ಕೊಟ್ಟರೆ ಏನಾಗುವದೆಂಬುದನ್ನು ೨೦೦೧ರ ಆಗಸ್ಟ ೬ರಂದು ತಮಿಳುನಾಡಿನ ಎರವಾಡಿಯಲ್ಲಿ ನಡೆದ ಬೆಂಕಿಯ ಅನಾಹುತವು ತೋರಿಸಿತು. ಅಲ್ಲಿ ಸರಪಳಿಯಲ್ಲಿ ಕಟ್ಟಲ್ಪಟ್ಟಿದ್ದ ೨೮ ರೋಗಿಗಳು ಪ್ರಾಣ ನೀಗಿದರು.

೨೦೧೭ರ ಮಾನಸಿಕ ಆರೋಗ್ಯಪಾಲನಾ ಕಾಯಿದೆಯು ೨೦೧೮ರ ಮೇ ೨೯ರಿಂದ ಜಾರಿಗೆ ಬಂದಿತು. ಅದು ರೋಗಿಯನ್ನು ಸರಪಳಿಯಿಂದ ಕಟ್ಟುವದನ್ನು ನಿಷೇಧಿಸಿತು. ಸರಕಾರದ ಸಂಸ್ಥೆಗಳಲ್ಲಿ ಚಿಕಿತ್ಸೆ ಪಡೆಯುವದು ಪ್ರತಿಯೊಬ್ಬನ ಹಕ್ಕೆಂದು ಸಾರಿತು. ಬಡತನದ ರೇಖೆಗಿಂತ ಕೆಳಗಿನವರಿಗೆ, ಅವರಲ್ಲಿ ಆ ಕಾರ್ಡು ಇರಲಿ ಇಲ್ಲದಿರಲಿ, ನಿರ್ಗತಿಕರಿಗೂ ಮನೆಯಿಲ್ಲದವರಿಗೂ, ಅದು ಪೂರ್ಣವಾಗಿ ಉಚಿತವೆಂದಿತು. ವಿಮಾ ಕಂಪನಿಗಳು ದೇಹದ ರೋಗಕ್ಕೆ ಕೊಡುವಂತೆಯೇ ಮನೋರೋಗಕ್ಕೂ ವಿಮೆಯ ಸೌಲಭ್ಯ ಕೊಡಬೇಕೆಂದು ವಿಧಿಸಿತು. ಭರಣದಿಂದ ಚಿಕಿತ್ಸೆಗೆ, ದಯೆಯಿಂದ ಹಕ್ಕಿಗೆ, ಇಷ್ಟು ದೂರ ನ್ಯಾಯವು ನಡೆದು ಬಂದಿದೆ.

ಹಾಗಾದರೆ ಚಿಕಿತ್ಸೆಯು ಉಚಿತವಾದ ಮೇಲೆ ವೆಚ್ಚದ ಪ್ರಶ್ನೆಯೇ ಉಳಿಯಲಿಲ್ಲವೆಂದು ಪೂರ್ವಪಕ್ಷವು ಏಳಬಹುದು. ಸಮಾಧಾನವೇನೆಂದರೆ: ಉಚಿತವಾದದ್ದು ಆಸ್ಪತ್ರೆಯ ಬಾಗಿಲಿನ ಒಳಗಿನ ವೆಚ್ಚ, ಹೊರಗಿನದಲ್ಲ. ಜಿಲ್ಲೆಯ ಮುಖ್ಯಸ್ಥಾನವಾದ ಕಾರವಾರವು ಘಟ್ಟದ ಕೆಳಗಿದೆ. ದಾಂಡೇಲಿಯಿಂದ ಅದು ೧೦೦ ಕಿಲೋಮೀಟರಿಗೂ ದೂರ. ಧಾರವಾಡವು ಅದರ ಅರ್ಧದಷ್ಟು ದೂರದಲ್ಲಿದ್ದರೂ ಬೇರೆ ಜಿಲ್ಲೆಯದು. ಕಾಡಿನೊಳಗಿನ ಹಳ್ಳಿಯಿಂದ ಬಸ್ಸಿನ ದಾರಿಗೆ ನಡೆದು ಬರಬೇಕು. ರೋಗಿಯೊಡನೆ ಇನ್ನೊಬ್ಬರು ಬರಬೇಕು. ಇಬ್ಬರ ಕೂಲಿಯೂ ಹೋಗಬೇಕು. ಇದು ಒಂದು ಸಲವಲ್ಲ, ತಿಂಗಳು ತಿಂಗಳು. ಈ ವೆಚ್ಚವು ಯಾವ ಆಸ್ಪತ್ರೆಯ ಪಾವತಿಯಲ್ಲಿಯೂ ಕಾಣುವದಿಲ್ಲ. ಆದರೆ ಗುಳಿಗೆಗಳು ನಡುವೆ ನಿಂತುಹೋಗಿ ರೋಗವು ಮರುಕಳಿಸುವದರಲ್ಲಿ ಅದು ಕಾಣುತ್ತದೆ. ರೋಗಿಗಳು ಬಹುದೂರ ಪ್ರಯಾಣ ಮಾಡಬೇಕಾಗದಂತೆ ವಾಸಸ್ಥಳದ ಸಮೀಪದಲ್ಲಿಯೇ ಸೇವೆ ಇರಬೇಕೆಂದು ೨೦೧೭ರ ಕಾಯಿದೆಯು ಸ್ಪಷ್ಟವಾಗಿ ಹೇಳಿರುವದರಿಂದ ದೂರವೂ ಒಂದು ವೆಚ್ಚವೆಂಬುದು ಶಾಸನಕಾರರಿಗೂ ಸಮ್ಮತವೇ. ತಾಲೂಕಿನ ಆಸ್ಪತ್ರೆಗಳಲ್ಲಿ ಮಂಗಳವಾರದ ದಿನ ಮನೋರೋಗತಜ್ಞರು ರೋಗಿಗಳನ್ನು ನೋಡತಕ್ಕ ‘ಮನೋಚೈತನ್ಯ’ ಎಂಬ ರಾಜ್ಯದ ಕಾರ್ಯಕ್ರಮವೂ, ೨೦೨೨ರ ಅಕ್ಟೋಬರ ೧೦ರಂದು ಆರಂಭವಾದ ೧೪೪೧೬ ಎಂಬ ಉಚಿತ ದೂರವಾಣಿಯ ‘ಟೆಲಿ ಮಾನಸ್’ ಸೇವೆಯೂ ಈ ದಾರಿಯನ್ನು ಕಿರಿದುಮಾಡುವ ಪ್ರಯತ್ನಗಳೇ ಆಗಿವೆ.

ಒಟ್ಟಿನಲ್ಲಿ ನಿಷ್ಪನ್ನವಾಗುವ ಸಿದ್ಧಾಂತವು ಇಷ್ಟು. ಸ್ಮೃತಿಕಾರರು ಅನ್ನದ ಹೊಣೆಯನ್ನು ಗೊತ್ತುಮಾಡಿದರು. ಆಂಗ್ಲರ ಕಾಯಿದೆಗಳು ಕಾವಲಿನ ವೆಚ್ಚವನ್ನು ಗೊತ್ತುಮಾಡಿದವು. ಸ್ವತಂತ್ರ ಭಾರತದ ಕಾಯಿದೆಯು ಔಷಧದ ವೆಚ್ಚವನ್ನು ಗೊತ್ತುಮಾಡಿತು. ದಾರಿಯ ವೆಚ್ಚವೂ ಕಳೆದ ದಿನಗೂಲಿಯೂ ಯಾರ ಲೆಕ್ಕಕ್ಕೆಂಬುದು ಇನ್ನೂ ನಿರ್ಣಯವಾಗಬೇಕಾಗಿದೆ. ಹಳಿಯಾಳದ ಬಯಲಿನಲ್ಲಿ ಈ ಪ್ರಶ್ನೆಯು ಸಣ್ಣದಾಗಿ ತೋರಬಹುದು. ಜೋಯಿಡಾದ ಕಾಡಿನಲ್ಲಿ ರೋಗಿಯು ಗುಣಹೊಂದುವದೂ ಹೊಂದದಿರುವದೂ ಅದನ್ನೇ ಅವಲಂಬಿಸಿದೆ.