ನಮ್ಮ ಸೀಮೆಯ ಬಡಗಿಯೂ ಅವನ ಅಳತೆಗಡ್ಡಿಯೂ

ಚರಿತ್ರೆಯನ್ನು ಶಾಸನಗಳಿಂದಲೂ ಕಡತಗಳಿಂದಲೂ ಅರಿಯುವುದು ವಾಡಿಕೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ಒಕ್ಕಲು ಬಾಳನ್ನು ಹೊತ್ತು ನಡೆಸಿದವು ಮರದ ನೇಗಿಲು, ಕೂರಿಗೆ, ಗಾಡಿಗಳು. ಇವುಗಳ ಬಲವೆಲ್ಲ ಒಂದು ಮರದಲ್ಲಿ ಕೊರೆದ ಚೌಕ ತೂತಿನಲ್ಲಿಯೂ ಅದರೊಳಕ್ಕೆ ಬಿಗಿಯಾಗಿ ಸೇರುವ ಮತ್ತೊಂದು ಮರದ ತುದಿಯಲ್ಲಿಯೂ ಅಡಗಿರುವುದು. ಆ ತೂತು ತಪ್ಪದಿರಲೆಂದು ಬಡಗಿಯು ತಾನೇ ಮಾಡಿಕೊಳ್ಳುತ್ತಿದ್ದ ಸಾಧನಗಳ ವಿಚಾರವನ್ನು ವಾಚಕ ಮಹಾಶಯರ ಮುಂದಿಡುವೆನು.

ಈ ವಿದ್ಯೆ ಬಹು ಪ್ರಾಚೀನವಾದುದು. ರಥಚಕ್ರದ ನಾಭಿಯಲ್ಲಿ ಅರಗಳು ನೆಲೆಗೊಂಡಿರುವ ಉಪಮೆಯು ಮುಂಡಕ, ಪ್ರಶ್ನ ಮೊದಲಾದ ಉಪನಿಷತ್ತುಗಳಲ್ಲಿ ಬಂದಿದೆ. ಮಾನಸಾರ, ಮಯಮತ ಎಂಬ ವಾಸ್ತುಗ್ರಂಥಗಳಲ್ಲಿ ಮರದ ಸಂಧಿಗಳಿಗೆಂದೇ ಒಂದೊಂದು ಅಧ್ಯಾಯವುಂಟು. ನಮ್ಮ ರೈತರು ನೇಗಿಲಿನ ಉದ್ದ ಮರವನ್ನು ಈಸು ಎನ್ನುವರು; ಇದು ಸಂಸ್ಕೃತದ ಈಷಾ ಶಬ್ದದ ತದ್ಭವ. ಶಾಸ್ತ್ರವು ಸಂಧಿಯ ಲಕ್ಷಣವನ್ನು ಹೇಳಿತು. ಅದನ್ನು ಮರದಲ್ಲಿ ಮೂಡಿಸುವ ಉಪಾಯವಾದರೋ ತಂದೆಯ ಕೈಯಿಂದ ಮಗನ ಕೈಗೆ ಇಳಿದು ಬಂದಿತು.

ನೇಗಿಲಿನಲ್ಲಿ ಈಸು ಸೇರುವ ತೂತು ಓರೆಯಾಗಿರಬೇಕು. ಓರೆ ಕೆಟ್ಟರೆ ಕುಳವು ಆಳಕ್ಕೆ ನುಗ್ಗಿ ಎತ್ತುಗಳನ್ನು ದಣಿಸುವುದು, ಇಲ್ಲವೆ ನೆಲವನ್ನು ಗೀರಿ ಮೇಲೇಳುವುದು. ಆದುದರಿಂದ ಚೆನ್ನಾಗಿ ಉತ್ತ ನೇಗಿಲೊಂದರ ಓರೆಯನ್ನು ತುಂಡು ಹಲಗೆಯಲ್ಲಿ ಕೊಯ್ದಿಟ್ಟುಕೊಂಡು, ಹೊಸ ನೇಗಿಲಿನಲ್ಲಿ ಅದರ ಮಗ್ಗುಲಿಗೆ ಉಳಿಯನ್ನು ಹಿಡಿದರೆ ಕೈ ತಪ್ಪದು. ಮೊದಲು ಭೈರಿಗೆಯಿಂದ ಸಾಲಾಗಿ ಕೊರೆದು, ಬಳಿಕ ಉಳಿ ಕೊಡತಿಗಳಿಂದ ಎರಡು ಮಗ್ಗುಲಿನಿಂದಲೂ ಚೌಕಗೊಳಿಸಿ ನಡುವೆ ಕೂಡಿಸುವುದು ಕ್ರಮ. ಉಳಿಗೆ ದಾರ ಸುತ್ತಿಕೊಂಡರೆ ಅದೇ ಆಳದ ಗುರುತು. ಉಳಿದ ಅಲ್ಪ ವ್ಯತ್ಯಾಸವನ್ನು ಬೆಣೆ ಸರಿಪಡಿಸುವುದು.

ರಾಗಿ ಬಿತ್ತುವ ಕೂರಿಗೆಯಲ್ಲಿ ತೂತುಗಳ ನಡುವಣ ಅಂತರವೇ ಹೊಲದ ಸಾಲುಗಳ ಅಂತರ. ಕಚ್ಚು ಹಾಕಿದ ಒಂದು ಕಡ್ಡಿ ಇದ್ದರೆ ಅಜ್ಜನ ಕೂರಿಗೆಯ ಸಾಲು ಮೊಮ್ಮಗನ ಕೂರಿಗೆಗೂ ಬರುವುದು.

ಗಾಡಿಯ ಚಕ್ರ ಎಲ್ಲಕ್ಕಿಂತಲೂ ಕಠಿನ. ನಡುವಿನ ಗುಂಬದಲ್ಲಿ 12 ಅರಗಳು. ಹೊರಸುತ್ತಿನ 6 ತುಂಡುಗಳಲ್ಲಿ ಒಂದೊಂದಕ್ಕೆ ಎರಡೆರಡು. ಗುಂಬದ ಸುತ್ತಳತೆಯನ್ನು ದಾರದಲ್ಲಿ ಹಿಡಿದು, ದಾರವನ್ನು ಮೂರು ಮಡಿಕೆ ಮಾಡಿ, ಮತ್ತೆ ಎರಡು ಸಲ ಮಡಿಸಿದರೆ 12 ಸಮಭಾಗ! ಅಕ್ಷರವರಿಯದವನ ಕ್ಷೇತ್ರಗಣಿತವೆಂದರೆ ಇದೇ. ತೂತು ಕೂದಲೆಳೆಯಷ್ಟು ವಾಲಿದರೂ ಚಕ್ರವು ತೊನೆಯುವುದು. ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿ ತಣಿದು ಕುಗ್ಗುವಾಗ ಸಂಧಿಗಳೆಲ್ಲ ಒಟ್ಟಿಗೆ ಬಿಗಿಯುವುವು. ಆದರೆ ತಪ್ಪಿದ ತೂತನ್ನು ಆ ಪಟ್ಟಿಯೂ ತಿದ್ದಲಾರದು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮದ್ದೂರು, ಮಂಡ್ಯಗಳ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆದನು. ಅವನ ಪ್ರವಾಸ ವೃತ್ತಾಂತವು 1807ರಲ್ಲಿ ಅಚ್ಚಾಯಿತು. ಅದರಿಂದ ಆ ಕಾಲದ ಬೇಸಾಯವನ್ನು ಇಂದಿಗೂ ಅರಿಯುವೆವು. ಆದರೆ ದಾರದ ಮಡಿಕೆಯನ್ನೂ ಉಳಿ ಹಿಡಿಯುವ ಓರೆಯನ್ನೂ ದಾರಿಹೋಕನ ಕಣ್ಣು ಅರಿಯುವುದು ದುಸ್ತರ. ಅವು ಕಸುಬಿನ ಮನೆಯೊಳಗಿನ ಧನ.

ಬಡಗಿಯು ಹಿಂದೆ ಊರಿನ ಆಯಗಾರರಲ್ಲಿ ಒಬ್ಬನಾಗಿ, ಸುಗ್ಗಿಯಲ್ಲಿ ಕಣದ ಧಾನ್ಯವನ್ನು ಆಯವಾಗಿ ಪಡೆಯುತ್ತಿದ್ದನು. ಕೃಷ್ಣರಾಜಸಾಗರದ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದ ಮೇಲೆ ಕಬ್ಬು ಹೊರಲು ಗಾಡಿಗಳು ಬೇಕಾದವು. ಮುಂದೆ ರಬ್ಬರು ಟೈರಿನ ಗಾಡಿ ಬಂದಿತು, ಟ್ರಾಕ್ಟರು ಬಂದಿತು. ರೈತನ ಶ್ರಮ ಕಡಮೆಯಾದುದಕ್ಕೆ ಯಾರೂ ವ್ಯಸನಪಡಬೇಕಾದುದಿಲ್ಲ. ಆದರೆ ಅರಗಳ ಚಕ್ರ ಹೋದೊಡನೆ ಅದರ ಅಳತೆಗಡ್ಡಿಗೂ ಕೆಲಸವಿಲ್ಲವಾಯಿತು. ಹಳೆಯ ಗಾಡಿಯನ್ನು ಅಂಗಳದ ಅಲಂಕಾರಕ್ಕಾದರೂ ಉಳಿಸಿಕೊಳ್ಳುವರು. ಕಚ್ಚು ಹಾಕಿದ ಕಡ್ಡಿಯು ಹೆಸರಿಲ್ಲದ ಸೌದೆಯಾಗಿ ಒಲೆ ಸೇರುವುದು.

ಆದುದರಿಂದ ಸಾಹಿತ್ಯಾಭಿಮಾನಿಗಳಲ್ಲಿ ನನ್ನ ಬಿನ್ನಹವಿಷ್ಟೆ. ತಮ್ಮ ತಮ್ಮ ಊರುಗಳಲ್ಲಿ ಚಕ್ರ ಕಟ್ಟಿದ ವೃದ್ಧ ಬಡಗಿಗಳು ಇನ್ನೂ ಇದ್ದರೆ, ಅವರ ಬಳಿ ಕುಳಿತು ಅಳತೆ, ಉಪಕರಣ, ಕ್ರಮಗಳ ಹೆಸರುಗಳನ್ನು ಅವರು ಆಡಿದಂತೆಯೇ ಬರೆದುಕೊಳ್ಳಿರಿ. ಕಡ್ಡಿಗಳ ಮೇಲೆ ಊರು, ಉಪಯೋಗಗಳನ್ನು ಗುರುತಿಸಿಡಿರಿ. ಅವರು ಬಾಯಿ ಬಿಟ್ಟು ಹೇಳಬಲ್ಲ ಕಾಲದಲ್ಲಿಯೇ ಈ ಕೆಲಸ ನಡೆಯಬೇಕು.