ಮ್ಯಾನ್ 9000

ಆತ್ಮಹತ್ಯೆಯ ಯೋಚನೆಯಲ್ಲಿರುವವರ ಮಾತು ಕೇಳಲೆಂದೇ ಹುಟ್ಟಿದ ಸಹಾಯವಾಣಿಗಳಲ್ಲಿ ಬಹುತೇಕವುಗಳಿಗೆ ಮಾದರಿಯಾದದ್ದು ‘ಸಮಾರಿಟನ್ಸ್’. 1953ರ ನವೆಂಬರ್ 2ರಂದು ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನಲ್ಲಿ ಇದನ್ನು ಶುರುಮಾಡಿದವರು ಪಾದ್ರಿ ಚಾಡ್ ವಾರಾ. 1935ರಲ್ಲಿ ಅವರು ನಡೆಸಿಕೊಟ್ಟ ಮೊದಲ ಅಂತ್ಯಸಂಸ್ಕಾರ 14 ವರ್ಷದ ಹುಡುಗಿಯದು. ಮುಟ್ಟಾದದ್ದನ್ನು ಗುಹ್ಯರೋಗವೆಂದು ತಿಳಿದು ಆಕೆ ಜೀವ ಕಳೆದುಕೊಂಡಿದ್ದಳು.

ಸಂಖ್ಯೆ ಸುಲಭವಾಗಿ ನೆನಪಿರಬೇಕೆಂದು ವಾರಾ ‘ಮ್ಯಾನ್ 9000’ ಬೇಕೆಂದರು. ಇಲ್ಲಿ ‘ಮ್ಯಾನ್’ ಎಂದರೆ ಮನುಷ್ಯನಲ್ಲ, ಮ್ಯಾನ್ಷನ್ ಹೌಸ್ ಟೆಲಿಫೋನ್ ಎಕ್ಸ್‌ಚೇಂಜಿನ ಮೊದಲ ಮೂರಕ್ಷರ. ಆ ಹಳೆಯ ಫೋನನ್ನು ಚರ್ಚಿನಲ್ಲೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ್ದಾರೆ.

ಮುಖ್ಯ ಸಂಗತಿ ಗೊತ್ತಾದದ್ದು ಮಾತ್ರ ಫೋನಿನ ಬಳಿಯಲ್ಲ, ಹೊರಗಿನ ಕೋಣೆಯಲ್ಲಿ. ವಾರಾ ಅವರನ್ನು ಕಾಣಲು ಬಂದು ಸರದಿಗೆ ಕಾಯುತ್ತಿದ್ದವರಿಗೆ ಸ್ವಯಂಸೇವಕರು ಚಹಾ ಕೊಟ್ಟು ಜೊತೆಗೆ ಕೂರುತ್ತಿದ್ದರು. ಅವರು ವೈದ್ಯರೂ ಅಲ್ಲ, ಪಾದ್ರಿಗಳೂ ಅಲ್ಲ. ಆದರೂ ಅವರೆದುರು ಮನಸ್ಸು ಬಿಚ್ಚಿ ಮಾತಾಡಿದ ಎಷ್ಟೋ ಮಂದಿ, ಇನ್ನು ಪಾದ್ರಿಯನ್ನು ಕಾಣುವ ಅಗತ್ಯವಿಲ್ಲವೆಂದು ಎದ್ದು ಹೋಗುತ್ತಿದ್ದರು. ಸಲಹೆಗಿಂತ ಕೇಳುವ ಕಿವಿಯೇ ಹೆಚ್ಚು ಕೆಲಸ ಮಾಡುತ್ತಿದೆಯೆಂದು ವಾರಾ ಅವರಿಗೆ ಮನವರಿಕೆಯಾಯಿತು. 1954ರ ಫೆಬ್ರವರಿಯಲ್ಲಿ ಫೋನನ್ನು ಸ್ವಯಂಸೇವಕರ ಕೈಗೇ ಒಪ್ಪಿಸಿದರು. ತನ್ನ ವೃತ್ತಿಯ ಮೇಲ್ಮೆಯನ್ನು ಹೀಗೆ ಬಿಟ್ಟುಕೊಡುವುದು ಪಾದ್ರಿಗಾಗಲಿ ವೈದ್ಯನಿಗಾಗಲಿ ಸುಲಭವಲ್ಲ.

ಕರೆ ಮಾಡಿದವರ ಗುಟ್ಟು ಕಾಯುವುದು ಆಗ ಬರೀ ಸೌಜನ್ಯವಾಗಿರಲಿಲ್ಲ. ಇಂಗ್ಲೆಂಡಿನಲ್ಲಿ 1961ರವರೆಗೂ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧ. ಬದುಕುಳಿದವರು ಜೈಲು ಕಾಣಬೇಕಾಗಬಹುದಿತ್ತು.

ಭಾರತಕ್ಕೆ ಈ ಕಾನೂನು ಬಂದದ್ದು ಬ್ರಿಟಿಷರ 1860ರ ದಂಡಸಂಹಿತೆಯಲ್ಲಿ, 309ನೇ ಕಲಮಾಗಿ. ಇಂಗ್ಲೆಂಡ್ ಕೈಬಿಟ್ಟ ಮೇಲೂ ಇಲ್ಲಿ ಅದು ಉಳಿಯಿತು. ಹಾಗಿರುವಾಗಲೇ, 1986ರಲ್ಲಿ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಚೆನ್ನೈನಲ್ಲಿ ‘ಸ್ನೇಹಾ’ ಸಂಸ್ಥೆ ಕಟ್ಟಿದರು. ಅಲ್ಲೂ ಕೇಳುವವರು ಸ್ವಯಂಸೇವಕರೇ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿತು. ಹಳೆಯ ದಂಡಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆ 309ನೇ ಕಲಮನ್ನು ಕೈಬಿಟ್ಟಿತು. ಸರ್ಕಾರಿ ನೌಕರರನ್ನು ಮಣಿಸಲೆಂದು ಆತ್ಮಹತ್ಯೆಗೆ ಯತ್ನಿಸಿದರೆ ಶಿಕ್ಷೆ ಎಂಬ ಬೇರೊಂದು ಕಲಮು ಅದರಲ್ಲಿದೆ.

ಇಂದು ಇಂಥ ಸಹಾಯವಾಣಿಗಳ ತರಬೇತಿಯಲ್ಲಿ ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿ ಕೇಳಲು ಕಲಿಸುತ್ತಾರೆ. ಕೇಳಿದರೆ ಆ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಹಳೆಯ ಅಂಜಿಕೆಗೆ ಆಧಾರವಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸಂಸ್ಥೆ. ಅದರ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡಬಹುದು.