ಹಬ್ಬಿನ ಮೇಲೆ ಇಲ್ಲದ ಹೆಸರು: ಮೂರು ಗೇರಿನ ಕಥೆ

ಕೊಚ್ಚಿಯಲ್ಲಿ ಇದ್ದಷ್ಟು ದಿನ ಅಪ್ಪನ ಹಳೇ ಸೈಕಲ್ಲಿನ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ ಎಲ್ಲಾ ಚಪ್ಪಟೆ ನೆಲ. ಗೋಶ್ರೀ ಸೇತುವೆ ಏರುವುದೇ ಅಲ್ಲಿನ ಆಗುಂಬೆ ಘಾಟಿ! ಕೆಲಸ ತಿರುವನಂತಪುರಕ್ಕೆ ಬದಲಾಯ್ತು ನೋಡಿ, ಕಥೆ ಬೇರೆ ಆಯ್ತು. ಕಳಕ್ಕೂಟ್ಟಂನಿಂದ ಶ್ರೀಕಾರ್ಯಂ, ಉಳ್ಳೂರು ದಾಟಿ ಪಟ್ಟಂಗೆ ಹೋಗೋ ರಸ್ತೆ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಟೆಕ್ನೋಪಾರ್ಕಿನ ಒಳಗೇ ದಿಬ್ಬಗಳಿವೆ. ಇಳಿದು ತಳ್ಳಿಕೊಂಡು ಹೋಗೋದೇ ಹೆಚ್ಚಾಯ್ತು.

ಸೈಕಲ್ ಮಾರಲು ಮನಸ್ಸಿಲ್ಲ. ಹಾಗಾದ್ರೆ ಇದಕ್ಕೇ ಎರಡು ಮೂರು ಗೇರು ಹಾಕಿಸಬಹುದಾ? ಈ ಪ್ರಶ್ನೆ ಹಿಡಿದು ಹೊರಟಾಗ ಸಿಕ್ಕ ಇತಿಹಾಸವೇ ಇವತ್ತಿನ ಮಾತು. ಐಟಿಯಲ್ಲಿ ದುಡಿಯುವ ನಮಗೆಲ್ಲ ಇದರಲ್ಲಿ ಒಂದು ಪಾಠವೂ ಇದೆ.

ಮೊದಲು ಸಣ್ಣ ಲೆಕ್ಕ. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದೆ 18 ಹಲ್ಲು, 28 ಇಂಚಿನ ಚಕ್ರ ಅಂದುಕೊಳ್ಳಿ. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 5.45 ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟಿಗೆ ಇದು ಸರಿ, ಏರಿಗೆ ಭಾರ. ಅದೇ ಸುತ್ತಿಗೆ 4 ಮೀಟರ್ ಮಾತ್ರ ಹೋದರೆ ಕಾಲಿಗೆ ಹಗುರ. ಗೇರು ಅಂದ್ರೆ ಇಷ್ಟೇ: ಶಕ್ತಿ ಹೆಚ್ಚಾಗುವುದಿಲ್ಲ, ಕಂತು ಸಣ್ಣದಾಗುತ್ತದೆ.

ಈ ಕಂತಿನ ಲೆಕ್ಕವನ್ನು ಹಿಂದಿನ ಚಕ್ರದ ಹಬ್ಬಿನೊಳಗೇ ಅಡಗಿಸಿದವರಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್‌ನ ವಿಲಿಯಂ ರೈಲಿ ಮುಖ್ಯ. 1896ರಲ್ಲಿ ಅವನು ಎರಡು ಗೇರಿನ ಹಬ್ಬಿಗೆ ಪೇಟೆಂಟ್ ಮಾಡಿಸಿದ. ಅದನ್ನು ತಯಾರಿಸಲು ಒಂದು ಕಂಪನಿ ಹುಟ್ಟಿತು. ಅದರ ಜೊತೆಗಿನ ಒಪ್ಪಂದದಲ್ಲಿ ಒಂದು ಷರತ್ತು: ರೈಲಿ ಮುಂದೆ ಮಾಡುವ ಗೇರುಗಳ ಹಕ್ಕೂ ಕಂಪನಿಯದೇ. ಆಮೇಲೆ ಅವನು ಇನ್ನೂ ಉತ್ತಮವಾದ ಮೂರು ಗೇರಿನ ಹಬ್ ರೂಪಿಸಿದ. ತನ್ನ ಹೆಸರಲ್ಲಿ ಪೇಟೆಂಟ್ ತಗೊಳ್ಳೋ ಹಾಗಿಲ್ಲವಲ್ಲ! ಅರ್ಜಿ ಹೋಗಿದ್ದು ಜೊತೆ ಕೆಲಸಗಾರ ಜೇಮ್ಸ್ ಆರ್ಚರ್ ಹೆಸರಿನಲ್ಲಿ.

ಅದೇ ಹೊತ್ತಿಗೆ ಪತ್ರಕರ್ತ ಹೆನ್ರಿ ಸ್ಟರ್ಮಿ ಕೂಡ ಮೂರು ಗೇರಿನ ಹಬ್ಬೊಂದನ್ನು ರೂಪಿಸಿದ್ದ. ನಾಟಿಂಗ್‌ಹ್ಯಾಮಿನ ರ‍್ಯಾಲೆ ಕಂಪನಿಯ ಯಜಮಾನ ಫ್ರಾಂಕ್ ಬೌಡನ್ ಎರಡೂ ಹಕ್ಕುಗಳನ್ನು ಕೊಂಡ. ತಯಾರಿಕೆಗೆ ಹೋದದ್ದು ರೈಲಿಯ ವಿನ್ಯಾಸ, ಹಬ್ಬಿನ ಮೇಲೆ ಕೂತದ್ದು ‘ಸ್ಟರ್ಮಿ-ಆರ್ಚರ್’ ಎಂಬ ಹೆಸರು. ಕೆಲಸಕ್ಕೆ ಸೇರುವ ದಿನ ಓದದೆ ಸಹಿ ಹಾಕಿದ ಪುಟಗಳು ನೆನಪಾದ್ವಾ? ನನಗಂತೂ ಆಯ್ತು.

ಈಗ ಒಳಗಿನ ಕೆಲಸ ನೋಡೋಣ. 1930ರ ದಶಕದಲ್ಲಿ ಬಂದ ಈ ಕಂಪನಿಯ ಪ್ರಸಿದ್ಧ ಎ.ಡಬ್ಲ್ಯೂ. ಹಬ್ಬಿನಲ್ಲಿ ಅಚ್ಚಿಗೆ ಅಂಟಿದ 20 ಹಲ್ಲಿನ ಚಕ್ರ ಸೂರ್ಯನಂತೆ ಅಲ್ಲಾಡದೆ ನಿಲ್ಲುತ್ತದೆ. ಸುತ್ತ ಪುಟ್ಟ ಗ್ರಹಚಕ್ರಗಳು, ಅವುಗಳ ಹೊರಗೆ ಒಳಮುಖವಾಗಿ 60 ಹಲ್ಲಿರುವ ಬಳೆ. ಚೈನು ಗ್ರಹಗಳ ಚೌಕಟ್ಟನ್ನು ತಿರುಗಿಸಿ ಬಳೆ ಚಕ್ರವನ್ನು ಎಳೆದರೆ, 80 ಭಾಗಿಸು 60, ಅಂದರೆ ವೇಗ ಮೂರನೇ ಒಂದರಷ್ಟು ಹೆಚ್ಚು. ತಿರುಗುಮುರುಗು ಮಾಡಿದರೆ 60 ಭಾಗಿಸು 80, ಅಂದರೆ ಕಾಲು ಭಾಗ ಕಡಿಮೆ. ನಡುವಿನದು ನೇರ ಓಟ. ನನ್ನ 5.45 ಮೀಟರ್ ಹೀಗೆ 4.1, 5.45, 7.3 ಆಗುತ್ತದೆ. ಏರಿಗೊಂದು, ದಾರಿಗೊಂದು, ಇಳಿಜಾರಿಗೊಂದು.

ಆದರೆ ಗೇರನ್ನು ಎಲ್ಲರೂ ಸ್ವಾಗತಿಸಲಿಲ್ಲ. ಫ್ರಾನ್ಸಿನಲ್ಲಿ ವೆಲೋಸಿಯೋ ಎಂದು ಹೆಸರಾದ ಪಾಲ್ ದ ವೀವಿ ಗುಡ್ಡಗಳ ಊರು ಸೇಂತ್ ಎತಿಯೆನ್‌ನಲ್ಲಿ ಕೂತು ವರ್ಷಗಟ್ಟಲೆ ಗೇರಿನ ಪರ ಬರೆದ. ಟೂರ್ ದ ಫ್ರಾನ್ಸ್ ಶುರುಮಾಡಿದ ಆನ್ರಿ ದೆಗ್ರಾಂಜ್‌ಗೆ ಗೇರು ಅಂದ್ರೆ ವಯಸ್ಸಾದವರ ಊರುಗೋಲು. ಹಾಗಾಗಿ ದೊಡ್ಡ ದೊಡ್ಡ ಓಟಗಾರರೂ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ಮಗುಚಿ, ಇನ್ನೊಂದು ಬದಿಯ ಹಲ್ಲಿಗೆ ಚೈನು ಹಾಕಿಕೊಳ್ಳುತ್ತಿದ್ದರು. ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ.

ನಮ್ಮ ದೇಶಕ್ಕೆ ಬನ್ನಿ. ಮದ್ರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಲೂಧಿಯಾನದ ಹೀರೋ ಸೈಕಲ್ಸ್ 1956ರಲ್ಲಿ ಹುಟ್ಟಿದವು. ಆಸನ್‌ಸೋಲಿನ ಸೆನ್-ರ‍್ಯಾಲೆಗಂತೂ ಸ್ಟರ್ಮಿ-ಆರ್ಚರ್ ಒಡೆಯನಾದ ಅದೇ ನಾಟಿಂಗ್‌ಹ್ಯಾಮ್ ಕಂಪನಿಯ ನಂಟಿತ್ತು. ಆದರೂ ಊರೂರಿಗೆ ತಲುಪಿದ್ದು ಗೇರಿಲ್ಲದ ಕರೀ ಸೈಕಲ್ಲೇ. ಹಾಲಿನ ಕ್ಯಾನು, ಅಕ್ಕಿ ಮೂಟೆ, ಹಿಂದೆ ಹೆಂಡತಿ, ಮುಂದೆ ಮಗು. ಬೆಲೆ ಕೈಗೆಟುಕಬೇಕು, ಕೆಟ್ಟರೆ ಮರದಡಿ ಕೂತ ರಿಪೇರಿಯವನಿಗೂ ಬಿಚ್ಚೋಕೆ ಬರಬೇಕು. ಅದನ್ನು ಹಿಂದುಳಿದದ್ದು ಅನ್ನೋಕೆ ನನಗೆ ಮನಸ್ಸು ಬರೋದಿಲ್ಲ.

ಸರಿ, ಈಗ ಹಾಕಿಸೋದು ಹೇಗೆ? ದಾರಿ ಎರಡು. ಒಂದು, ಐದಾರು ಹಲ್ಲುಚಕ್ರದ ಫ್ರೀವೀಲ್ ಮತ್ತು ಡಿರೇಲರ್. ಇದಕ್ಕೆ ಉದ್ದನೆಯ ಅಚ್ಚು, ಸಪೂರ ಚೈನು ಬೇಕು, ಹಿಂದಿನ ಫ್ರೇಮನ್ನೂ ಸ್ವಲ್ಪ ಅಗಲಿಸಬೇಕು. ಉಕ್ಕಿನ ಫ್ರೇಮು ಬಗ್ಗುತ್ತದೆ. ಅಲ್ಯೂಮಿನಿಯಂ ಆದರೆ ಆ ಸಾಹಸ ಬೇಡ. ಎರಡು, ಮೂರು ಗೇರಿನ ಹಬ್ಬಿಗೇ ಚಕ್ರ ಕಟ್ಟಿಸುವುದು. ಮೊದಲು ಹಿಂದಿನ ಕಡ್ಡಿ ಎಣಿಸಿ. ನಮ್ಮ ಹಳೇ ಸೈಕಲ್ಲುಗಳಿಗೆ ಇಂಗ್ಲಿಷ್ ಪದ್ಧತಿಯಂತೆ ಮುಂದೆ 32, ಹಿಂದೆ 40 ಕಡ್ಡಿ ಇರುವುದು ರೂಢಿ. 36 ತೂತಿನ ಹಬ್ ತಂದರೆ ರಿಮ್ಮೂ ಬದಲಾಗಬೇಕು. ಅಚ್ಚು ತಿರುಗದಂತೆ ಹಿಡಿಯುವ ವಾಷರ್ ಮರೆಯಬೇಡಿ. ಹಳೇ ಎ.ಡಬ್ಲ್ಯೂ. ಸಿಕ್ಕರೆ ಕೇಬಲ್ಲಿನ ಬಿಗಿ ಸರಿಯಿರಲಿ. ಇಲ್ಲದಿದ್ದರೆ ಎರಡು ಮತ್ತು ಮೂರನೇ ಗೇರಿನ ನಡುವೆ ಪೆಡಲು ಹಿಡಿತ ತಪ್ಪಿ ಸುಮ್ಮನೆ ತಿರುಗುತ್ತದೆ. ಎದ್ದು ನಿಂತು ತುಳಿಯುವಾಗ ಹಾಗಾದರೆ ಬಿದ್ದೇ ಬೀಳ್ತೀರಿ.

ನಾನು ಎರಡನೇ ದಾರಿ ಹಿಡಿದಿದ್ದೇನೆ. ಅಪ್ಪನ ಫ್ರೇಮನ್ನು ಅಗಲಿಸಲು ಕೈ ಬರಲಿಲ್ಲ. ಹಳೇ ಚಕ್ರವನ್ನು ಬಿಚ್ಚಿ ಹಾಗೇ ತೂಗುಹಾಕಿದ್ದೇನೆ, ಬೇಕೆಂದಾಗ ವಾಪಸ್ ಹಾಕಬಹುದು.

2000ದಲ್ಲಿ ನಾಟಿಂಗ್‌ಹ್ಯಾಮಿನ ಕಾರ್ಖಾನೆ ಮುಚ್ಚಿತು. ಸ್ಟರ್ಮಿ-ಆರ್ಚರ್ ತೈವಾನಿನ ಸನ್‌ರೇಸ್ ಪಾಲಾಯಿತು, ಹಬ್ಬುಗಳು ಈಗ ಅಲ್ಲಿಂದ ಬರುತ್ತವೆ. ಊರು ಬದಲಾಯ್ತು, ಒಡೆಯ ಬದಲಾದ, ಹಬ್ಬಿನ ಮೇಲಿನ ಆ ಎರಡು ಹೆಸರು ಮಾತ್ರ ಹಾಗೇ ಇವೆ. ಶ್ರೀಕಾರ್ಯಂ ಏರಿನಲ್ಲಿ ಒಂದನೇ ಗೇರಿಗೆ ಇಳಿಸುವಾಗ ನಾನು ಮಾತ್ರ ರೈಲಿಯನ್ನು ನೆನೆಯುತ್ತೇನೆ. ಮುಂದಿನ ಸಲ ಯಾವುದಾದರೂ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ನೀವೂ ಅವನನ್ನು ಒಮ್ಮೆ ನೆನೆಯಿರಿ. ಮತ್ತೆ ಸಿಗೋಣ.